ನಾಣ್ಯದ ಹುಟ್ಟುದೋಷವೂ ಬಳಕೆಯ ಗಾಯವೂ

ನಮ್ಮ ದೇಶದ ಗೃಹಸ್ಥರ ಮನೆಗಳಲ್ಲಿ ಹಳೆಯ ಕಾಸುಗಳ ಒಂದು ಡಬ್ಬಿಯೋ ಗಂಟೋ ಇಲ್ಲದಿರುವುದು ಅಪರೂಪ. ಅಜ್ಜಿಯ ಕಾಲದ ಕಾಲಾಣೆ, ತೂತಿನ ಕಾಸು, ಪೂಜೆಗೆಂದು ಎತ್ತಿಟ್ಟ ಬೆಳ್ಳಿಯ ರೂಪಾಯಿ, ಈಗ ಚಲಾವಣೆಯಿಲ್ಲದ ಇಪ್ಪತ್ತೈದು ಪೈಸೆ, ಇವೆಲ್ಲವೂ ಅದರಲ್ಲಿ ಒಟ್ಟಿಗೆ ವಾಸಮಾಡುತ್ತವೆ. ಹಿಂದೆ ಈ ಡಬ್ಬಿಯು ವರ್ಷಕ್ಕೊಮ್ಮೆ ಲಕ್ಷ್ಮೀಪೂಜೆಯ ದಿನ ಮಾತ್ರ ಹೊರಕ್ಕೆ ಬರುತ್ತಿದ್ದಿತು. ಈಚೆಗೆ, ತಪ್ಪಾಗಿ ಅಚ್ಚಾದ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಬರುವುದೆಂಬ ಸುದ್ದಿ ಎಲ್ಲೆಡೆಯೂ ಹಬ್ಬಿರುವುದರಿಂದ, ಜನರು ದಿನವೂ ಅದನ್ನು ತೆಗೆದು ನೋಡುವಂತಾಗಿದೆ. ನೋಡುವುದರಲ್ಲಿ ದೋಷವೇನೂ ಇಲ್ಲ. ಆದರೆ ಏನನ್ನು ನೋಡಬೇಕೆಂಬುದನ್ನು ತಿಳಿಯದೆ ನೋಡುವುದರಿಂದ ಹಾನಿಯುಂಟು. ಅದನ್ನು ನಾವು ಕಣ್ಣಾರೆ ಕಂಡುದರಿಂದಲೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಕೆಲವು ತಿಂಗಳ ಹಿಂದೆ, ಒಂದು ಕಾಲಕ್ಕೆ ನಮ್ಮಲ್ಲಿ ಓದಿದ್ದ ಒಬ್ಬ ಗೃಹಸ್ಥನು ಸಾಯಂಕಾಲ ನಮ್ಮ ಮನೆಗೆ ಬಂದನು. ಸಣ್ಣದೊಂದು ಹೊಲಿಗೆಯ ಅಂಗಡಿ ಅವನ ಜೀವನಾಧಾರ. ಜೇಬಿನಿಂದ ಕಾಗದದ ಪೊಟ್ಟಣವನ್ನು ಬಿಚ್ಚಿ, "ಮೇಷ್ಟ್ರೇ, ಇದನ್ನು ಸ್ವಲ್ಪ ನೋಡಿ ಹೇಳಬೇಕು" ಎಂದನು. ಪೊಟ್ಟಣದಲ್ಲಿ ಈಗಿನ ಚಿಕ್ಕ ಒಂದು ರೂಪಾಯಿಯ ನಾಣ್ಯವಿದ್ದಿತು. ಅದರ ಒಂದು ಮುಖದಲ್ಲಿ ಸಿಂಹಸ್ತಂಭವು ಎಂದಿನಂತೆ ಉಬ್ಬಿ ನಿಂತಿದ್ದಿತು. ಇನ್ನೊಂದು ಮುಖದಲ್ಲಿಯೂ ಅದೇ ಸಿಂಹಸ್ತಂಭ, ಆದರೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ಒಳಕ್ಕೆ ತಗ್ಗಿಹೋಗಿದ್ದಿತು. ಸಂತೆಯಲ್ಲಿ ಯಾರೋ ಒಬ್ಬನಿಂದ ಎಂಟುನೂರು ರೂಪಾಯಿ ಕೊಟ್ಟು ಕೊಂಡನಂತೆ. ಅದರ ಚಿತ್ರವನ್ನು ಯಾರಿಗೋ ಕಳುಹಿಸಿದಾಗ, ಮೂರು ಲಕ್ಷ ಕೊಡುವೆವೆಂದೂ, ಮುಂಚಿತವಾಗಿ ಆರು ಸಾವಿರ 'ನೋಂದಣಿ ಶುಲ್ಕ' ಕಟ್ಟಬೇಕೆಂದೂ ಉತ್ತರ ಬಂದಿತಂತೆ. "ಮಗಳ ಹಾಸ್ಟೆಲಿಗೆಂದು ಇಟ್ಟ ದುಡ್ಡಿದೆ, ನಾಳೆ ಕಟ್ಟಿಬಿಡಲೇ?" ಎಂಬುದು ಅವನ ಪ್ರಶ್ನೆ. "ನಾಳೆಯ ಮಾತು ನಾಳೆಗಿರಲಿ, ಮೊದಲು ನಾಣ್ಯವನ್ನು ನೋಡೋಣ, ಕೂಡಪ್ಪಾ" ಎಂದೆವು. ಅಂದು ಅವನಿಗೆ ಹೇಳಿದುದನ್ನೇ ಇಲ್ಲಿ ಓದುಗರಿಗೂ ನಿವೇದಿಸುತ್ತೇವೆ.

ನಾಣ್ಯವೆಂದರೇನು? ಬರಿಯ ಲೋಹದ ತುಂಡು ನಾಣ್ಯವಲ್ಲ. ಲೋಹದ ಮೇಲೆ ರೂಪವನ್ನು ಒತ್ತಿದಾಗ ಅದು ನಾಣ್ಯವಾಗುವುದು. ಪಾಣಿನಿಯು 'ರೂಪ್ಯ' ಎಂಬ ಶಬ್ದವನ್ನು ಸಾಧಿಸುವಾಗ, ಒತ್ತಿ ಮೂಡಿಸಿದ ರೂಪವುಳ್ಳುದು ಎಂಬ ಅರ್ಥವನ್ನೇ ಹೇಳಿರುವನು. ನಮ್ಮ 'ರೂಪಾಯಿ' ಎಂಬ ಮಾತಿನ ಮೂಲವೂ ಅದೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಟಂಕಸಾಲೆಯ ಅಧಿಕಾರಿಗೆ ಲಕ್ಷಣಾಧ್ಯಕ್ಷನೆಂದೂ, ನಾಣ್ಯಗಳನ್ನು ಪರೀಕ್ಷಿಸುವವನಿಗೆ ರೂಪದರ್ಶಕನೆಂದೂ ಹೆಸರು. ರೂಪವನ್ನು ಕಂಡು ಸತ್ಯವನ್ನು ತಿಳಿಯುವ ಈ ಕೆಲಸವು ನಮ್ಮಲ್ಲಿ ಅಷ್ಟು ಹಳೆಯದು.

ರೂಪವು ಬೀಳುವ ಕ್ರಮವನ್ನು ಸಂಗ್ರಹವಾಗಿ ತಿಳಿದರೆ ಮುಂದಿನದೆಲ್ಲವೂ ಸುಲಭ. ಮೊದಲು ಲೋಹವನ್ನು ಉದ್ದನೆಯ ಪಟ್ಟಿಯಾಗಿ ಎಳೆದು, ಅದರಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಬಿಲ್ಲೆಗಳನ್ನು ಕಾಯಿಸಿ ಮೆದುಮಾಡುತ್ತಾರೆ. ಆಮೇಲೆ ಅಂಚನ್ನು ಸುತ್ತಲೂ ಒತ್ತಿ ಸ್ವಲ್ಪ ಎತ್ತರಿಸುತ್ತಾರೆ. ಕೊನೆಗೆ ಬಿಲ್ಲೆಯನ್ನು ಉಕ್ಕಿನ ಬಳೆಯೊಂದರೊಳಗೆ ಕೂರಿಸಿ, ಮೇಲಿನಿಂದ ಒಂದು ಅಚ್ಚು, ಕೆಳಗಿನಿಂದ ಒಂದು ಅಚ್ಚು, ಎರಡರ ನಡುವೆ ಭಾರಿಯಾದ ಒತ್ತಡದಿಂದ ಅದುಮುತ್ತಾರೆ. ಅಚ್ಚಿನಲ್ಲಿ ತಗ್ಗಾಗಿರುವುದು ನಾಣ್ಯದಲ್ಲಿ ಉಬ್ಬಾಗುತ್ತದೆ. ಲೋಹವು ಪಕ್ಕಕ್ಕೆ ಹರಡದಂತೆ ಬಳೆಯು ತಡೆಯುತ್ತದೆ, ಅಂಚಿನ ಗೀರುಗಳನ್ನೂ ಅದೇ ಮೂಡಿಸುತ್ತದೆ. ನಮ್ಮ ದೇಶದಲ್ಲಿ ಈಗ ಈ ಕೆಲಸವು ಮುಂಬಯಿ, ಕೋಲ್ಕತ್ತಾ, ಹೈದರಾಬಾದು, ನೋಯ್ಡಾ ಎಂಬ ನಾಲ್ಕು ಟಂಕಸಾಲೆಗಳಲ್ಲಿ ನಡೆಯುತ್ತಿದೆ.

ಈ ಕ್ರಮದೊಳಗೆ, ಕೊನೆಯ ಒತ್ತು ಮುಗಿಯುವುದರೊಳಗೆ ನಡೆದ ತಪ್ಪು ಹುಟ್ಟುದೋಷ. ನಾಣ್ಯವು ಟಂಕಸಾಲೆಯನ್ನು ಬಿಟ್ಟ ಮೇಲೆ ಅದಕ್ಕೆ ಆದುದೆಲ್ಲವೂ ಗಾಯ. ತರ್ಕಶಾಸ್ತ್ರದಲ್ಲಿ ಅಭಾವಗಳನ್ನು ಎಣಿಸುವಾಗ, ವಸ್ತುವು ಹುಟ್ಟುವುದಕ್ಕೆ ಮುಂಚಿನ ಇಲ್ಲದಿರುವಿಕೆಗೆ ಪ್ರಾಗಭಾವವೆಂದೂ, ಇದ್ದು ಹಾಳಾದ ಮೇಲಿನ ಇಲ್ಲದಿರುವಿಕೆಗೆ ಪ್ರಧ್ವಂಸಾಭಾವವೆಂದೂ ಹೆಸರಿಟ್ಟಿದ್ದಾರೆ. ನಾಣ್ಯಪರೀಕ್ಷೆಯ ಸಾರವೆಲ್ಲವೂ ಇದರಲ್ಲಿದೆ. ಈ ಅಕ್ಷರವು ಇಲ್ಲಿ ಎಂದೂ ಮೂಡಲೇ ಇಲ್ಲವೋ, ಮೂಡಿ ಆಮೇಲೆ ಅಳಿದುಹೋಯಿತೋ? ಮೂಡಿ ಅಳಿದುದು ಎಲ್ಲಾದರೂ ತನ್ನ ಕುರುಹನ್ನು ಬಿಟ್ಟೇ ಇರುತ್ತದೆ. ಮೂಡದೇ ಇದ್ದುದಕ್ಕೆ ಕುರುಹಿಲ್ಲ.

ಇದಕ್ಕೆ ಇಂಗ್ಲೆಂಡಿನದೊಂದು ಉದಾಹರಣೆಯುಂಟು. 2008ರಲ್ಲಿ ಅಲ್ಲಿ ಇಪ್ಪತ್ತು ಪೆನ್ಸಿನ ನಾಣ್ಯದ ವಿನ್ಯಾಸವನ್ನು ಬದಲಾಯಿಸಿ, ಹಿಂಬದಿಯಲ್ಲಿದ್ದ ವರ್ಷವನ್ನು ರಾಣಿಯ ಮುಖವಿರುವ ಮುಂಬದಿಗೆ ತಂದರು. ಆದರೆ ಕೆಲವು ನಾಣ್ಯಗಳಿಗೆ ಹೊಸ ಹಿಂಬದಿಯ ಅಚ್ಚಿನೊಡನೆ ಹಳೆಯ ಮುಂಬದಿಯ ಅಚ್ಚು ಜೊತೆಗೂಡಿತು. ಹಿಂಬದಿಯಲ್ಲಿಯೂ ವರ್ಷವಿಲ್ಲ, ಮುಂಬದಿಯಲ್ಲಿಯೂ ವರ್ಷವಿಲ್ಲ. ಆ ನಾಣ್ಯವನ್ನು ಎಷ್ಟು ಹುಡುಕಿದರೂ ಕೆರೆದ ಗುರುತು ಕಾಣುವುದಿಲ್ಲ, ಏಕೆಂದರೆ ಕೆರೆಯಲು ಅಲ್ಲಿ ಏನೂ ಇರಲೇ ಇಲ್ಲ.

ಮೊದಲನೆಯ ನಿಯಮವು ಉಬ್ಬು ತಗ್ಗುಗಳದು. ನಾಣ್ಯದ ಬಯಲಿನಲ್ಲಿ ಅಂಚಿನಿಂದ ಅಂಚಿಗೆ ಕೂದಲೆಳೆಯಂತೆ ಉಬ್ಬಿದ ಗೆರೆಯೊಂದು ಕಂಡರೆ, ಅಚ್ಚು ಬಿರುಕುಬಿಟ್ಟಿತ್ತೆಂದು ತಿಳಿಯಬಹುದು. ಬಿರುಕಿನೊಳಕ್ಕೆ ಲೋಹವು ನುಗ್ಗಿ ಗೆರೆಯಾಗಿರುವುದು. ಅಚ್ಚಿನ ಅಂಚೇ ಮುರಿದುಬಿದ್ದಿದ್ದರೆ ಆ ಸ್ಥಳದಲ್ಲಿ ಆಕಾರವಿಲ್ಲದ ಲೋಹದ ದಿಮ್ಮಿಯೊಂದು ನಿಲ್ಲುವುದು, ಅದರ ಬೆನ್ನಿಗಿರುವ ಇನ್ನೊಂದು ಮುಖದ ಚಿತ್ತಾರವು ಬಹುಮಟ್ಟಿಗೆ ಮಂಕಾಗಿರುವುದು. ಇವು ಹುಟ್ಟುದೋಷಗಳು. ಗೆರೆಯು ಒಳಕ್ಕೆ ಕೊರೆದಿದ್ದರೆ, ಅದರ ಎರಡು ದಡಗಳಲ್ಲಿಯೂ ನೇಗಿಲ ಸಾಲಿನಂತೆ ಲೋಹವು ಮೇಲೆದ್ದಿದ್ದರೆ, ಅದು ಮೊಳೆಯೋ ಚಾಕುವೋ ಮಾಡಿದ ಗಾಯ. ಕೊರೆದ ಗೆರೆಗೆ ಬೆಲೆಯಿಲ್ಲ.

ಎರಡನೆಯದು ಕಚ್ಚಿದ ಬಿಲ್ಲೆ. ಪಟ್ಟಿಯಿಂದ ಬಿಲ್ಲೆಗಳನ್ನು ಕತ್ತರಿಸುವಾಗ ಪಟ್ಟಿಯು ಸರಿಯಾಗಿ ಮುಂದಕ್ಕೆ ಸರಿಯದಿದ್ದರೆ, ಹೊಸ ಬಿಲ್ಲೆಯು ಹಿಂದಿನ ತೂತಿನ ಒಂದು ಭಾಗವನ್ನು ಒಳಗೊಂಡು, ದೋಸೆಯನ್ನು ಮಗು ಕಚ್ಚಿದಂತೆ ಒಂದು ಕಡೆ ಬಾಗಿದ ಕೊರೆಯೊಡನೆ ಹೊರಬೀಳುವುದು. ಇದನ್ನು ಅರದಿಂದ ಉಜ್ಜಿ ಅನುಕರಿಸುವವರುಂಟು. ಇಲ್ಲಿ ಮೂರು ಲಕ್ಷಣಗಳನ್ನು ನೋಡಬೇಕು. ನಿಜವಾದ ಕೊರೆಯ ಬಳಿ ಅಕ್ಷರಗಳು ಕ್ರಮವಾಗಿ ಮಸುಕಾಗಿ, ಕೊರೆಯ ಕಡೆಗೆ ಎಳೆದಂತೆ ಕಾಣುತ್ತವೆ, ಏಕೆಂದರೆ ಒತ್ತುವಾಗ ಲೋಹವು ತಡೆಯಿಲ್ಲದ ಆ ಕಡೆಗೆ ಹರಿದಿದೆ. ಕೊರೆಗೆ ನೇರ ಎದುರಾದ ಸ್ಥಳದಲ್ಲಿ ಅಂಚಿನ ಏರು ಬಹುಮಟ್ಟಿಗೆ ದುರ್ಬಲವಾಗಿರುತ್ತದೆ, ಏಕೆಂದರೆ ಅಂಚನ್ನು ಒತ್ತುವಾಗ ಕೊರೆಯಿರುವ ಕಡೆಯಿಂದ ಎದುರೊತ್ತು ಸಿಕ್ಕಿಲ್ಲ. ಕೊರೆಯ ಪಕ್ಕವೂ ನಾಣ್ಯದ ಉಳಿದ ಭಾಗದಷ್ಟೇ ಹಳೆಯ ಬಣ್ಣದ್ದಾಗಿರುತ್ತದೆ. ಉಜ್ಜಿದ ನಾಣ್ಯದಲ್ಲಾದರೋ ಅಕ್ಷರಗಳು ಗರಗಸದಿಂದ ಕೊಯ್ದಂತೆ ತಟ್ಟನೆ ನಿಲ್ಲುತ್ತವೆ, ಎದುರಿನ ಅಂಚು ಗಟ್ಟಿಯಾಗಿಯೇ ಇರುತ್ತದೆ, ಪಕ್ಕದಲ್ಲಿ ಅರದ ಗೀಚುಗಳು ಕಾಣುತ್ತವೆ. ತೂಕವು ಎರಡರಲ್ಲಿಯೂ ಕಡಮೆಯಾದ್ದರಿಂದ ತೂಕವೊಂದನ್ನೇ ನಂಬಬಾರದು.

ಮೂರನೆಯದು ಓರೆಯಾಗಿ ಬಿದ್ದ ಅಚ್ಚು. ಬಿಲ್ಲೆಯು ಬಳೆಯೊಳಗೆ ಸರಿಯಾಗಿ ಕೂರದಿದ್ದರೆ ಚಿತ್ತಾರವು ಒಂದು ಪಕ್ಕಕ್ಕೆ ಸರಿದು, ಇನ್ನೊಂದು ಪಕ್ಕದಲ್ಲಿ ಚಂದ್ರಕಲೆಯಂತೆ ಬರಿಯ ಲೋಹವು ಉಳಿಯುವುದು. ಆ ಬರಿಯ ಭಾಗವು ಅಚ್ಚು ಮುಟ್ಟದ ಬಿಲ್ಲೆಯಾದ್ದರಿಂದ ಅದರಲ್ಲಿ ಅಕ್ಷರದ ನೆರಳೂ ಇರಬಾರದು. ಸುತ್ತಿಗೆಯಿಂದ ಬಡಿದು ಸಮಮಾಡಿದ ನಾಣ್ಯದಲ್ಲಿ ಓರೆಯ ಬೆಳಕಿಗೆ ಹಿಡಿದರೆ ಹಳೆಯ ಅಕ್ಷರಗಳ ಬುಡವು ಕಂಡೇ ಕಾಣುತ್ತದೆ.

ನಾಲ್ಕನೆಯದು ಇಮ್ಮಡಿ ಅಕ್ಷರಗಳದು. ಅಚ್ಚನ್ನು ತಯಾರಿಸುವಾಗ ಮೂಲಮುದ್ರೆಯನ್ನು ಅದರ ಮೇಲೆ ಒಂದಕ್ಕಿಂತ ಹೆಚ್ಚು ಸಲ ಒತ್ತುವ ಪದ್ಧತಿಯಿದ್ದಿತು. ಎರಡನೆಯ ಸಲ ಅದು ತುಸು ತಿರುಗಿದ್ದರೆ ಅಚ್ಚಿನಲ್ಲಿಯೇ ಅಕ್ಷರಗಳು ಎರಡೆರಡಾಗುವುವು, ಆ ಅಚ್ಚಿನಿಂದ ಬಂದ ನಾಣ್ಯಗಳೆಲ್ಲವೂ ಹಾಗೆಯೇ ಇರುವುವು. ಅಮೆರಿಕದ ಫಿಲಡೆಲ್ಫಿಯದಲ್ಲಿ 1955ರಲ್ಲಿ ಹೀಗೆ ಹೊರಬಿದ್ದ ಒಂದು ಸೆಂಟಿನ ನಾಣ್ಯವು ಲೋಕಪ್ರಸಿದ್ಧ, ಅದರ ವರ್ಷವು ಭೂತಗನ್ನಡಿಯಿಲ್ಲದೆಯೇ ಎರಡಾಗಿ ಕಾಣುತ್ತದೆ. ಇಂಥ ಇಮ್ಮಡಿಯಲ್ಲಿ ಎರಡು ಅಕ್ಷರಗಳೂ ದುಂಡಗೆ ಪೂರ್ಣವಾಗಿ ಎದ್ದಿರುತ್ತವೆ, ಅವುಗಳ ತುದಿಗಳಲ್ಲಿ ಸೀಳು ಕಾಣುತ್ತದೆ. ಒತ್ತಿದ ಕ್ಷಣದಲ್ಲಿ ಸಡಿಲವಾದ ಅಚ್ಚು ಜಾರಿ ಅಕ್ಷರದ ಪಕ್ಕವನ್ನು ಸವರಿದ್ದರೆ, ಅಲ್ಲಿ ಕಾಣುವುದು ಚಪ್ಪಟೆಯಾದ ಮೆಟ್ಟಿಲು ಮಾತ್ರ, ಅಕ್ಷರವೂ ಸಣಕಲಾಗಿರುತ್ತದೆ. ಅದು ಟಂಕಸಾಲೆಯಲ್ಲಿಯೇ ನಡೆದುದಾದರೂ ಸಂಗ್ರಾಹಕರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಮೆರಿಕದ ಮತ್ತೊಂದು ನಾಣ್ಯವು ಈ ವಿಷಯದಲ್ಲಿ ಒಳ್ಳೆಯ ಪಾಠ. ಡೆನ್ವರಿನ ಟಂಕಸಾಲೆಯಲ್ಲಿ 1937ರಲ್ಲಿ ಐದು ಸೆಂಟಿನ ನಾಣ್ಯದ ಅಚ್ಚೊಂದಕ್ಕೆ ಕಲೆಗಳು ಬಿದ್ದುವು. ಅವುಗಳನ್ನು ತೆಗೆಯಲು ಅಚ್ಚನ್ನು ಅತಿಯಾಗಿ ಉಜ್ಜಿದುದರಿಂದ, ಅದರಲ್ಲಿದ್ದ ಕಾಡೆಮ್ಮೆಯ ಒಂದು ಮುಂಗಾಲೇ ಮಾಯವಾಯಿತು. ಮೂರು ಕಾಲಿನ ಆ ಪ್ರಾಣಿಗೆ ದೊಡ್ಡ ಬೆಲೆ ಬಂದುದನ್ನು ಕಂಡು, ಮೋಸಗಾರರು ನಾಲ್ಕು ಕಾಲಿನ ನಾಣ್ಯಗಳಿಂದ ಒಂದು ಕಾಲನ್ನು ಕೆರೆದು ಮಾರತೊಡಗಿದರು. ಆದರೆ ನಿಜವಾದುದರಲ್ಲಿ ಹೊಟ್ಟೆಯ ಕೆಳಗೆ ಸಣ್ಣ ಸಣ್ಣ ಉಬ್ಬುಚುಕ್ಕೆಗಳ ಒಂದು ಸಾಲಿದೆ. ಕೆರೆಯುವವನು ಲೋಹವನ್ನು ತೆಗೆಯಬಲ್ಲನಲ್ಲದೆ, ಬಯಲಿನಿಂದ ಚುಕ್ಕೆಗಳನ್ನು ಎಬ್ಬಿಸಲಾರನು.

ಲೋಹದ ಮೋಸವನ್ನು ಹಿಡಿಯಲು ತಕ್ಕಡಿಯೂ ಅಯಸ್ಕಾಂತವೂ ಸಾಕು. ಯುದ್ಧಕ್ಕೆ ತಾಮ್ರವು ಬೇಕಾದುದರಿಂದ ಅಮೆರಿಕದವರು 1943ರಲ್ಲಿ ಒಂದು ಸೆಂಟನ್ನು ಸತುವು ಲೇಪಿಸಿದ ಉಕ್ಕಿನಲ್ಲಿ ಅಚ್ಚುಮಾಡಿದರು. ಹಿಂದಿನ ವರ್ಷದ ಕೆಲವೇ ಕಂಚಿನ ಬಿಲ್ಲೆಗಳು ಯಂತ್ರದಲ್ಲಿ ಸೇರಿಹೋಗಿ, ಆ ವರ್ಷದ ಕಂಚಿನ ಸೆಂಟುಗಳು ಬೆರಳೆಣಿಕೆಯಷ್ಟು ಹುಟ್ಟಿದುವು. ಉಕ್ಕಿನದಕ್ಕೆ ತಾಮ್ರದ ನೀರು ಕೊಟ್ಟು ಮಾರುವವರು ಬೇಕಾದಷ್ಟು ಮಂದಿ. ಆದರೆ ಉಕ್ಕು ಅಯಸ್ಕಾಂತಕ್ಕೆ ಅಂಟುತ್ತದೆ, ಕಂಚು ಅಂಟುವುದಿಲ್ಲ. ಕಂಚಿನದರ ತೂಕ 3.11 ಗ್ರಾಂ, ಉಕ್ಕಿನದು ಸುಮಾರು 2.7 ಗ್ರಾಂ. ನಮ್ಮ ಮನೆಗಳ ನಾಣ್ಯಗಳಿಗೂ ಇಂಥ ಅಳತೆಗಳುಂಟು. 1992ರಿಂದ ಬಂದ ಉಕ್ಕಿನ ಒಂದು ರೂಪಾಯಿಯು 25 ಮಿಲಿಮೀಟರು ಅಗಲ, 4.85 ಗ್ರಾಂ ತೂಕ; 2011ರಿಂದ ಬಂದುದು 22 ಮಿಲಿಮೀಟರು, 3.79 ಗ್ರಾಂ. ಎರಡು ಲೋಹಗಳ ಹತ್ತು ರೂಪಾಯಿ 27 ಮಿಲಿಮೀಟರು, 7.71 ಗ್ರಾಂ. ಈ ಹತ್ತು ರೂಪಾಯಿಯ ನಡುವಿನ ಬಿಲ್ಲೆಯನ್ನು ಬಡಿದು ಕಳಚಿ, 'ನಡುವಿಲ್ಲದ ನಾಣ್ಯ'ವೆಂದು ತೋರಿಸುವವರನ್ನೂ ಕಂಡಿದ್ದೇವೆ. ನಡುವಿಲ್ಲದೆಯೇ ಅಚ್ಚಿಗೆ ಸಿಕ್ಕಿದ್ದರೆ ಉಂಗುರದ ಲೋಹವು ತೂತಿನೊಳಕ್ಕೆ ಹರಿದು ಒಳದಡವು ಉಬ್ಬಿರಬೇಕು. ಆಮೇಲೆ ಕಳಚಿದುದರಲ್ಲಿ ಒಳದಡವು ನೆಟ್ಟಗೆ, ಬಿಲ್ಲೆಯು ಕೂತಿದ್ದ ಗುರುತಿನೊಡನೆ ಹಾಗೆಯೇ ಇರುತ್ತದೆ.

ಕನ್ನಡ ನಾಡಿನ ಹಳೆಯ ನಾಣ್ಯಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಟಿಪ್ಪುಸುಲ್ತಾನನ ಆನೆಯ ಗುರುತಿನ ತಾಮ್ರದ ಕಾಸುಗಳೇ ಮೊದಲಾದುವು ಕೈಯಿಂದ ಬಡಿದು ಮಾಡಿದವು. ಅವುಗಳಿಗೆ ಬಳೆಯ ಕಟ್ಟಿಲ್ಲ, ಅಚ್ಚು ಅನೇಕ ವೇಳೆ ಬಿಲ್ಲೆಗಿಂತ ದೊಡ್ಡದು. ಆದುದರಿಂದ ಆನೆಯ ಸೊಂಡಿಲು ಕಾಣದಿರುವುದು, ಬರಹವು ಅರ್ಧಕ್ಕೆ ನಿಲ್ಲುವುದು ಅಲ್ಲಿ ಸಹಜವಾದುದೇ ಹೊರತು ವಿಶೇಷವಲ್ಲ. ಹಾಗೆಯೇ ಬೆಳ್ಳಿಯ ರೂಪಾಯಿಗಳ ಮೇಲಿನ ಸಣ್ಣ ಸಣ್ಣ ಮೊಹರುಗಳು ಲೋಹವನ್ನು ಪರೀಕ್ಷಿಸಿದ ಸರಾಫರು ಒತ್ತಿದವು. ತೂತಿನ ವಿಷಯವೂ ಹೀಗೆಯೇ. 1943ರಿಂದ 1947ರವರೆಗೆ ಲೋಹದ ಉಳಿತಾಯಕ್ಕಾಗಿ ಹೊರಡಿಸಿದ ಒಂದು ಪೈಸೆಯ ಕಾಸಿನಲ್ಲಿ ತೂತೇ ವಿನ್ಯಾಸ. ಬೆಳ್ಳಿಯ ರೂಪಾಯಿಯಲ್ಲಿರುವ ತೂತು ಅಜ್ಜಿಯ ಕಾಸಿನ ಸರಕ್ಕಾಗಿ ಅಕ್ಕಸಾಲಿಗನು ಕೊರೆದುದು. ಮೊದಲನೆಯದು ದೋಷವಲ್ಲ, ಎರಡನೆಯದು ಗಾಯ. ಆದರೂ ಅಜ್ಜಿಯ ಕೊರಳಿನಲ್ಲಿದ್ದುದಕ್ಕೆ ಮನೆಯವರ ಕಣ್ಣಿನಲ್ಲಿ ಬೇರೆ ಬೆಲೆಯಿದ್ದೇ ಇದೆ.

ಮನೆಗಳಲ್ಲಿಯೇ ಆಗುವ ಗಾಯಗಳನ್ನೂ ಮರೆಯಬಾರದು. ರೈಲುಹಳಿಯ ಮೇಲೆ ಹುಡುಗರು ಇಟ್ಟ ಕಾಸು ಎಲೆಯಂತೆ ಚಪ್ಪಟೆಯಾಗುವುದು. ಬೆಂಕಿಗೆ ಬಿದ್ದುದು ಬಣ್ಣಗೆಡುವುದು. ಇವೆಲ್ಲಕ್ಕಿಂತ ಹೆಚ್ಚಿನ ಅನ್ಯಾಯವನ್ನು ಮಾಡುವುದು ಹುಣಸೆಯ ಹಣ್ಣು. ತಾಮ್ರದ ಚೊಂಬನ್ನು ಬೆಳಗುವಂತೆ ಕಾಸನ್ನೂ ಬೆಳಗಿದರೆ, ಅದರ ಹಳೆಯ ಬಣ್ಣದೊಡನೆ ಅದರ ಸಾಕ್ಷ್ಯವೂ ತೊಳೆದುಹೋಗುತ್ತದೆ. ಮನೆಯ ಹೆಂಗಸರಲ್ಲಿ ನಮ್ಮ ಪ್ರಾರ್ಥನೆಯೇನೆಂದರೆ, ಪೂಜೆಯ ಪಾತ್ರೆಗಳನ್ನು ಬೆಳಗಿರಿ, ಹಳೆಯ ಕಾಸುಗಳನ್ನು ಮಾತ್ರ ಬಟ್ಟೆಯಿಂದಲೂ ಉಜ್ಜದೆ, ಅಂಚಿನಿಂದ ಹಿಡಿದು ಕಾಗದದಲ್ಲಿ ಬೇರೆ ಬೇರೆಯಾಗಿ ಸುತ್ತಿಡಿರಿ.

ಈಗ ಆ ಗೃಹಸ್ಥನ ರೂಪಾಯಿಗೆ ಬರೋಣ. ಅಂಥ ಹುಟ್ಟುದೋಷವು ನಿಜವಾಗಿಯೂ ಉಂಟು. ಅಚ್ಚಾದ ನಾಣ್ಯವು ಹೊರಕ್ಕೆ ಬೀಳದೆ ಒಂದು ಅಚ್ಚಿಗೆ ಅಂಟಿಕೊಂಡರೆ, ಮುಂದಿನ ಬಿಲ್ಲೆಗೆ ಆ ಕಡೆಯಲ್ಲಿ ಅಚ್ಚಿನ ಬದಲು ಆ ನಾಣ್ಯವೇ ಒತ್ತುವುದು, ಆಗ ತಿರುವುಮುರುವಾದ ತಗ್ಗುಚಿತ್ರವು ಮೂಡುವುದು. ಆದರೆ ಹಾಗೆ ಹುಟ್ಟಿದ ನಾಣ್ಯದ ಆ ಮುಖದಲ್ಲಿ ತಗ್ಗುಚಿತ್ರವಲ್ಲದೆ ಬೇರೇನೂ ಇರಲಾರದು, ಏಕೆಂದರೆ ಆ ಮುಖವನ್ನು ಅದರ ಸ್ವಂತ ಅಚ್ಚು ಮುಟ್ಟಲೇ ಇಲ್ಲ. ನೆರೆಯ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದೆವು, ತೂಕವು ಸರಿಯಾಗಿದ್ದಿತು. "ಹಾಗಾದರೆ ನಿಜವೇ!" ಎಂದು ಅವನ ಮುಖವರಳಿತು. "ಲೋಹವು ಕಳೆದಿಲ್ಲವೆಂದಷ್ಟೇ ತೂಕವು ಹೇಳಿತಪ್ಪಾ, ರೂಪವು ಏನು ಹೇಳುವುದೋ ನೋಡು" ಎಂದು ಭೂತಗನ್ನಡಿಯನ್ನು ಅವನ ಕೈಗೇ ಕೊಟ್ಟು, ದೀಪವನ್ನು ಓರೆಯಾಗಿ ಹಿಡಿದೆವು. ಅವನು ಬಹಳ ಹೊತ್ತು ನೋಡಿದನು. ಕೊನೆಗೆ ಮೆಲ್ಲಗೆ, "ಸಿಂಹದ ಕೆಳಗೆ ಒಂದು ಅನ್ನುವ ಅಂಕೆ ಕಾಣುತ್ತಿದೆ, ಮೇಷ್ಟ್ರೇ, ಜಜ್ಜಿದ ಹಾಗಿದೆ" ಎಂದನು. ಎರಡು ರೂಪಾಯಿಗಳನ್ನು ಒಂದರ ಮೇಲೊಂದಿಟ್ಟು ಕಾರ್ಖಾನೆಯ ಹಿಡಿಯಂತ್ರದಲ್ಲಿ ಬಿಗಿದು ಅದುಮಿದ ಕೆಲಸವದು. ಅಂಕೆಯು ಮೂಡಿದ್ದಿತು, ಆಮೇಲೆ ಅಳಿಯಿತು. ಅಳಿದುದು ತನ್ನ ಕುರುಹನ್ನು ಬಿಟ್ಟಿದ್ದಿತು.

ಎಂಟುನೂರು ರೂಪಾಯಿ ಹೋಯಿತು. ಆರು ಸಾವಿರ ಉಳಿಯಿತು. ನಾಣ್ಯವು ನಿಜವಾದುದೇ ಆಗಿದ್ದರೂ ಆ ಶುಲ್ಕವನ್ನು ಕಟ್ಟತಕ್ಕದ್ದಲ್ಲವೆಂದು ಅವನಿಗೆ ಹೇಳಿದೆವು. ಹಳೆಯ ನೋಟು ನಾಣ್ಯಗಳ ಮಾರಾಟಕ್ಕೆಂದು ತನ್ನ ಹೆಸರನ್ನು ಬಳಸಿಕೊಂಡು ಕೆಲವರು ಶುಲ್ಕ, ಕಮಿಷನ್ನು, ತೆರಿಗೆಗಳನ್ನು ಕೇಳುತ್ತಿರುವರೆಂದೂ, ತಾನು ಇಂಥ ವ್ಯವಹಾರವನ್ನು ಮಾಡುವುದಿಲ್ಲವೆಂದೂ ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿದೆ. ಕೊಳ್ಳುವವನು ಹಣ ಕೊಡುವುದು ಲೋಕರೂಢಿ; ಕೊಳ್ಳುವವನೇ ಮುಂಚಿತವಾಗಿ ಹಣ ಕೇಳಿದರೆ ಅವನು ಕೊಳ್ಳುವವನಲ್ಲ. ಇನ್ನು, ತಾನೇ ನಾಣ್ಯವನ್ನು ಜಜ್ಜಿ ದೋಷವನ್ನು ಹುಟ್ಟಿಸೋಣವೆಂದು ಯಾರಾದರೂ ಎಣಿಸಿದರೆ, 2011ರ ನಾಣ್ಯ ಕಾಯಿದೆಯು ನಾಣ್ಯವನ್ನು ಕರಗಿಸುವುದನ್ನೂ ನಾಶಮಾಡುವುದನ್ನೂ ಅಪರಾಧವೆಂದು ವಿಧಿಸಿದೆಯೆಂಬುದನ್ನು ನೆನಪಿನಲ್ಲಿಡಬೇಕು.

ಮರುವಾರ ಅವನು ತಾಯಿಯ ಡಬ್ಬಿಯನ್ನು ಹಿಡಿದು ಮತ್ತೆ ಬಂದನು. ಈ ಸಲ ಮಗಳೂ ಜೊತೆಯಲ್ಲಿದ್ದಳು. ನಾವು ಏನನ್ನೂ ಹೇಳದೆ ಭೂತಗನ್ನಡಿಯನ್ನು ಅವಳ ಮುಂದಿಟ್ಟೆವು. ಐದನೆಯ ಜಾರ್ಜ್ ದೊರೆಯ ಕಾಲದ ಕಂಚಿನ ಕಾಲಾಣೆಯೊಂದನ್ನು ಅವಳು ಬೇರೆಯಾಗಿ ತೆಗೆದಿಟ್ಟಳು. ಅದರ ಒಂದು ಕಡೆ ಕಚ್ಚಿದಂತೆ ಕೊರೆಯಿದ್ದಿತು. "ಅಕ್ಷರ ಕೊರೆಯ ಹತ್ತಿರ ಮಸುಕಾಗಿದೆ, ಎದುರುಗಡೆಯ ಅಂಚು ತೆಳ್ಳಗಿದೆ, ಬಣ್ಣ ಎಲ್ಲಾ ಕಡೆಯೂ ಒಂದೇ" ಎಂದು ಒಂದೊಂದಾಗಿ ಎಣಿಸಿದಳು. ಮೂರು ಲಕ್ಷಣಗಳೂ ಸರಿಯಾಗಿದ್ದುವು. ಅದು ಲಕ್ಷದ ಮಾತಲ್ಲವೆಂಬುದನ್ನೂ, ತಿಳಿದ ಸಂಗ್ರಾಹಕರಿಬ್ಬರಿಗಾದರೂ ತೋರಿಸದೆ ಬೆಲೆಯನ್ನು ನಂಬಬಾರದೆಂಬುದನ್ನೂ ಹೇಳಿದೆವು. ಮಾರುವ ಯೋಚನೆಯನ್ನು ತಂದೆಯು ಆಗಲೇ ಬಿಟ್ಟಿದ್ದನು. "ಅವ್ವನದು, ಇರಲಿ" ಎಂದು ಕಾಗದದಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟನು.

ಓದುಗರು ತಮ್ಮ ಮನೆಯ ಡಬ್ಬಿಯನ್ನು ಬಿಚ್ಚುವಾಗ ಈ ಕ್ರಮವನ್ನು ಅನುಸರಿಸಬಹುದು: ಮೊದಲು ತೂಕ, ಬಳಿಕ ಅಗಲ, ಬಳಿಕ ಅಯಸ್ಕಾಂತ; ಆಮೇಲೆ ಅದೇ ಬಗೆಯ ಒಳ್ಳೆಯ ನಾಣ್ಯವೊಂದನ್ನು ಪಕ್ಕದಲ್ಲಿಟ್ಟುಕೊಂಡು ಓರೆಯ ಬೆಳಕಿನಲ್ಲಿ ಭೂತಗನ್ನಡಿ. ಎಲ್ಲಕ್ಕೂ ಕೊನೆಯಲ್ಲಿ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಟಂಕಸಾಲೆಯ ಯಂತ್ರವು ಇದನ್ನು ಹೇಗೆ ಮಾಡಿರಬಲ್ಲುದು? ಉತ್ತರವು ಹೆಜ್ಜೆಹೆಜ್ಜೆಯಾಗಿ ದೊರೆತರೆ ಅದು ಹುಟ್ಟುದೋಷ. ದೊರೆಯದಿದ್ದರೆ, ಎಷ್ಟೇ ವಿಚಿತ್ರವಾಗಿ ಕಂಡರೂ ಅದು ಗಾಯಗೊಂಡ ಒಂದು ರೂಪಾಯಿಯೇ.